ಪಕ್ಕದ ಜಮೀನಿನವರು ಬೇಲಿ ಕೀಳಲು ಬರುತ್ತಿದ್ದಾರೆ, ಕೋರ್ಟಿನಿಂದ ತಕ್ಷಣ ಸ್ಟೇ ತರಬಹುದೇ?

ಬೇಲೂರು ತಾಲೂಕಿನಲ್ಲಿ ತೀರಿಹೋದ ತಂದೆಯ ಹೆಸರಲ್ಲೇ ಪಹಣಿ ಇರುವ 2 ಎಕರೆ, ಅದರಲ್ಲಿ 20 ಗುಂಟೆ ತಮ್ಮದೆಂದು ಪಕ್ಕದವರು ಜೆಸಿಬಿ ತರುತ್ತಿದ್ದಾರೆ ಎಂದಿದ್ದೀರಿ. ಸ್ಟೇ, ಅಂದರೆ ತಡೆಯಾಜ್ಞೆ, ತರಬಹುದು. ಆದರೆ ಬರೀ ಸ್ಟೇ ಅರ್ಜಿ ನಡೆಯುವುದಿಲ್ಲ. ಮೊದಲು ಬೇಲೂರಿನ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ, ಅದರ ಜೊತೆಗೇ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 39, ನಿಯಮ 1 ಮತ್ತು 2ರಡಿ ಐಎ (ಮಧ್ಯಂತರ ಅರ್ಜಿ) ಹಾಕಬೇಕು. ಪೌತಿ ಖಾತೆ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಲಿ ಎಂದು ಕಾಯಬೇಡಿ. ಮರಣ ಪತ್ರ, ವಂಶವೃಕ್ಷ ಇಟ್ಟುಕೊಂಡು ವಾರಸುದಾರರೆಲ್ಲ ಸೇರಿ ವಾದಿಗಳಾಗಿ.

ಕೋರ್ಟ್ ನೋಡುವುದು ಮೂರು: ಮೇಲ್ನೋಟಕ್ಕೆ ನಿಮ್ಮ ಕಡೆ ಹುರುಳಿದೆಯೇ, ತಡೆ ಕೊಟ್ಟರೆ ಅಥವಾ ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ಆಗುವ ನಷ್ಟ ದುಡ್ಡಿನಿಂದ ತುಂಬುವಂಥದ್ದೇ. ಇದೆಲ್ಲದರ ಬುಡ ಸ್ವಾಧೀನ. ದಾವೆ ಹಾಕಿದ ದಿನ ಜಾಗ ನಿಮ್ಮ ಕೈಯಲ್ಲಿತ್ತೆಂದು ತೋರಿಸಬೇಕು: ಹಲವು ವರ್ಷಗಳ ಪಹಣಿ, ಎಂಆರ್ (ಖಾತೆ ಬದಲಾವಣೆ ದಾಖಲೆ) ಪ್ರತಿ, ಕಂದಾಯ ರಶೀದಿ, ಪಂಪ್‌ಸೆಟ್ಟಿನ ಕರೆಂಟ್ ಬಿಲ್, ಬೇಲಿ ಮತ್ತು ಅದರಂಚಿನ ಸಿಲ್ವರ್ ಮರಗಳ ಫೋಟೊ. ಭೂಕಂದಾಯ ಕಾಯ್ದೆ 133ನೇ ಕಲಮಿನಂತೆ ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದೇ ಭಾವಿಸಬೇಕು. ಹಾಗೆಂದು ಅದು ಹಕ್ಕುಪತ್ರವಲ್ಲ.

ಎಷ್ಟೋ ಐಎಗಳು ಬಿದ್ದುಹೋಗುವುದು ಷೆಡ್ಯೂಲಿನಲ್ಲಿ, ಅಂದರೆ ದಾವೆಯಲ್ಲಿ ಜಮೀನಿನ ವಿವರ ಬರೆಯುವ ಭಾಗದಲ್ಲಿ. ಸರ್ವೆ ನಂಬರ್, ಹಿಸ್ಸಾ (ಉಪ ನಂಬರ್), ವಿಸ್ತೀರ್ಣ ಬರೆದು ಚೆಕ್ಕುಬಂದಿಯಲ್ಲಿ (ನಾಲ್ಕೂ ದಿಕ್ಕಿನ ಗಡಿ ವಿವರದಲ್ಲಿ) 'ಉತ್ತರಕ್ಕೆ ಇತರರ ಜಮೀನು' ಎಂದುಬಿಟ್ಟರೆ ಎದುರಾಳಿ ಎದ್ದು 'ಯಾವ ಜಾಗ ಅಂತಲೇ ಗೊತ್ತಾಗುವುದಿಲ್ಲ' ಎನ್ನುತ್ತಾರೆ. 2 ಎಕರೆಗೂ ಚೆಕ್ಕುಬಂದಿ ಬೇಕು, ತಕರಾರಿನ 20 ಗುಂಟೆಗೂ ಪ್ರತ್ಯೇಕ ಬೇಕು, ಕೈನಕ್ಷೆಯೂ ಇರಲಿ. ಪೋಡಿ (ಸರ್ವೆ ನಂಬರ್ ಅಳೆದು ಬೇರೆ ಮಾಡುವುದು) ಆಗಿಲ್ಲದಿದ್ದರೆ ಇದು ಇನ್ನೂ ಮುಖ್ಯ. ಹದ್ದುಬಸ್ತಿಗೂ (ಸರ್ವೆ ಮಾಡಿಸಿ ಗಡಿ ಗುರುತಿಸಲು) ಅರ್ಜಿ ಕೊಡಿ, ಆದರೆ ಸರ್ವೆಯರ್ ಬರಲೆಂದು ದಾವೆ ತಡಮಾಡಬೇಡಿ. ತಡವಾದಷ್ಟೂ 'ತುರ್ತೇನು?' ಎಂಬ ಪ್ರಶ್ನೆ ಬರುತ್ತದೆ.

ಅವರು ಕ್ರಯಪತ್ರ ಹಿಡಿದು ಹಕ್ಕನ್ನೇ ಪ್ರಶ್ನಿಸುತ್ತಿದ್ದರೆ ದಾವೆಯಲ್ಲಿ ಬರೀ ಶಾಶ್ವತ ನಿರ್ಬಂಧಕಾಜ್ಞೆ (ಕಾಯಂ ತಡೆ) ಕೇಳಿದರೆ ಸಾಲದು, ಹಕ್ಕು ಘೋಷಣೆಯನ್ನೂ ಕೇಳಬೇಕು. ಅನಾಥುಲ ಸುಧಾಕರ್ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಜಾಗ ಈಗಾಗಲೇ ಅವರ ಕೈಸೇರಿದ್ದರೆ ಸ್ವಾಧೀನವನ್ನೂ ಕೇಳಿ.

ಎದುರಾಳಿಗೆ ನೋಟಿಸ್ ಹೋಗುವ ಮೊದಲೇ ಏಕಪಕ್ಷೀಯ ತಡೆ ಆದೇಶ ಸಿಕ್ಕರೆ ಅಲ್ಲಿಗೆ ನಿಲ್ಲಬೇಡಿ. ಅದೇ ಆದೇಶ 39ರ ನಿಯಮ 3ರಂತೆ ಐಎ, ಪ್ರಮಾಣಪತ್ರ (ಅಫಿಡವಿಟ್), ವಾದಪತ್ರ, ದಾಖಲೆಗಳ ಪ್ರತಿಯನ್ನು ಕೂಡಲೇ ಎದುರಾಳಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ, ಅಂದೇ ಅಥವಾ ಮಾರನೇ ದಿನ ಕೋರ್ಟಿಗೆ ಆ ಬಗ್ಗೆ ಪ್ರಮಾಣಪತ್ರ ಕೊಡಬೇಕು. ಇದು ತಪ್ಪಿದರೆ ತಡೆ ತೆರವಿಗೆ ಅವರಿಗೆ ಅದೇ ಅಸ್ತ್ರ. ಆದೇಶ ಮೀರಿ ಬೇಲಿ ಕಿತ್ತರೆ ಫೋಟೊ ತೆಗೆದು ನಿಯಮ 2ಎ ಅರ್ಜಿ ಹಾಕಿ: ಅವರ ಆಸ್ತಿ ಜಪ್ತಿಯಾಗಬಹುದು, 3 ತಿಂಗಳವರೆಗೆ ಸಿವಿಲ್ ಬಂಧನವೂ ಆಗಬಹುದು.