ಪ್ಯಾನಿಂಗ್ ಫೋಟೋದಲ್ಲಿ ಗಾಡಿಯೂ ಮಸುಕಾಗುತ್ತಿದೆ, ಶಟರ್ ಸ್ಪೀಡ್ ಎಷ್ಟಿಡಬೇಕು?

ಓಡುವ ಗಾಡಿಯ ಜೊತೆ ಕ್ಯಾಮೆರಾ ತಿರುಗಿಸುತ್ತಾ, ಗಾಡಿ ಸ್ಪಷ್ಟವಾಗಿ ಹಿನ್ನೆಲೆ ಗೆರೆಗೆರೆಯಾಗುವಂತೆ ತೆಗೆಯುವುದೇ ಪ್ಯಾನಿಂಗ್. ಶಟರ್ ಸ್ಪೀಡ್ (ಕ್ಯಾಮೆರಾದೊಳಗೆ ಬೆಳಕು ಬಿಡುವ ಶಟರ್ ತೆರೆದಿರುವ ಹೊತ್ತು) 1/30 ಸೆಕೆಂಡಿಗೆ ಇಟ್ಟು ಎಷ್ಟು ಸಲ ತೆಗೆದರೂ ಹಿನ್ನೆಲೆಯ ಜೊತೆ ಬೈಕೂ ಕಲಸಿಹೋಗುತ್ತಿದೆ ಎಂದು ಕೇಳಿದ್ದೀರಿ. ನಾನೂ ತಿಂಗಳುಗಟ್ಟಲೆ ಇದೇ ಕಡೆ ಸಿಕ್ಕಿಕೊಂಡಿದ್ದೆ. ಶಟರ್ ಸ್ಪೀಡ್ ಹೇಳುತ್ತೇನೆ, ಆದರೆ ನನ್ನ ತೊಂದರೆ ಅಲ್ಲಿರಲಿಲ್ಲ. ಕ್ಲಿಕ್ ಮಾಡುವ ಗಳಿಗೆಯಲ್ಲಿ ನನ್ನ ಕೈ ಒಂದೋ ನಿಂತುಬಿಡುತ್ತಿತ್ತು, ಇಲ್ಲವೇ ಕ್ಯಾಮೆರಾವನ್ನು ಕುಕ್ಕುತ್ತಿತ್ತು. ನಿಮ್ಮದೂ ಅದೇ ಇರಬಹುದು.

ಗಂಟೆಗೆ 36 ಕಿಲೋಮೀಟರ್ ವೇಗದ ಬೈಕ್ ಸೆಕೆಂಡಿಗೆ 10 ಮೀಟರ್ ಹೋಗುತ್ತದೆ. ಅಂದರೆ 1/30 ಸೆಕೆಂಡಿನಲ್ಲಿ ಸುಮಾರು 33 ಸೆಂಟಿಮೀಟರ್. ಅಷ್ಟು ದೂರವೂ ಕ್ಯಾಮೆರಾ ಬೈಕಿನ ಜೊತೆಗೇ ತಿರುಗುತ್ತಿರಬೇಕು. 1/125 ಆದರೆ 8 ಸೆಂಟಿಮೀಟರ್ ಅಷ್ಟೇ. ಅದಕ್ಕೇ ಮೊದಲು 1/125ಕ್ಕೆ ಇಡಿ. ಹತ್ತರಲ್ಲಿ ನಾಲ್ಕೈದು ಚೆನ್ನಾಗಿ ಬರತೊಡಗಿದ ಮೇಲೆ 1/80, 1/60 ಎಂದು ಇಳಿಯಿರಿ. 1/500ರಲ್ಲಿ ಎಲ್ಲವೂ ಸ್ಪಷ್ಟವಾಗಿರುತ್ತದೆ, ಆದರೆ ಗಾಡಿ ರಸ್ತೆಯಲ್ಲಿ ನಿಂತ ಹಾಗೆ ಕಾಣುತ್ತದೆ.

ರಸ್ತೆಯಿಂದ ಇಪ್ಪತ್ತು ಮೂವತ್ತು ಮೀಟರ್ ದೂರ ನಿಲ್ಲಿ. ತೀರಾ ಹತ್ತಿರ ನಿಂತರೆ ಗಾಡಿಯ ಮೂತಿ ಒಂದು ವೇಗದಲ್ಲಿ, ಬಾಲ ಇನ್ನೊಂದು ವೇಗದಲ್ಲಿ ಸರಿದಂತಾಗಿ ಅರ್ಧ ಮಾತ್ರ ಸ್ಪಷ್ಟವಾಗುತ್ತದೆ. ಪಾದಗಳು ನೀವು ಕ್ಲಿಕ್ ಮಾಡುವ ಜಾಗದ ಕಡೆಗಿರಲಿ. ಮೊಣಕೈ ಪಕ್ಕೆಗೆ ಒತ್ತಿಕೊಂಡು, ಗಾಡಿ ಬರುವ ದಿಕ್ಕಿಗೆ ಸೊಂಟದಿಂದ ಮೇಲಷ್ಟೇ ತಿರುಗಿ. ದೂರದಿಂದಲೇ ಹಿಂಬಾಲಿಸುತ್ತಾ ಬಂದು, ತಿರುಗುತ್ತಿರುವಾಗಲೇ ಗುಂಡಿ ಒತ್ತಿ. ಒತ್ತಿದ ಮೇಲೂ ಗಾಡಿ ದಾಟಿ ಹೋಗುವವರೆಗೆ ತಿರುಗುತ್ತಲೇ ಇರಿ. ಸುಮ್ನೆ ಕ್ಯಾಮೆರಾ ಇಲ್ಲದೆಯೂ ಇದನ್ನು ಅಭ್ಯಾಸ ಮಾಡಬಹುದು.

ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಕೆಟ್ಟ ಫೋಟೋಗಳೇ. ಅಳಿಸುವ ಮೊದಲು ಪೂರ್ತಿ ಜೂಮ್ ಮಾಡಿ, ಹೆಲ್ಮೆಟ್ ಮೇಲೋ ಪೆಟ್ರೋಲ್ ಟ್ಯಾಂಕ್ ಮೇಲೋ ಬಿದ್ದ ಬಿಸಿಲಿನ ಚುಕ್ಕೆಯನ್ನು ನೋಡಿ. ಚುಕ್ಕೆ ಅಡ್ಡಗೆರೆಯಾಗಿದ್ದರೆ ನಿಮ್ಮ ವೇಗ ಗಾಡಿಯ ವೇಗಕ್ಕೆ ಹೊಂದಿಲ್ಲ. ಉದ್ದಕ್ಕೆ, ಮೇಲಿಂದ ಕೆಳಕ್ಕೆ ಎಳೆದಂತಿದ್ದರೆ ಗುಂಡಿ ಒತ್ತುವಾಗ ಬೆರಳು ಕ್ಯಾಮೆರಾವನ್ನು ಕುಕ್ಕಿದೆ. ನನ್ನ ಫೋಟೋಗಳಲ್ಲಿ ಹೆಚ್ಚಿನವು ಈ ಎರಡನೇ ಬಗೆಯವು. ಬೆರಳನ್ನು ಮೆಲ್ಲಗೆ ಒತ್ತಲು ಕಲಿತ ಮೇಲೆ, ಎರಡೇ ವಾರದಲ್ಲಿ ಸರಿಹೋದವು.

ಸೆಟ್ಟಿಂಗ್ ವಿಷಯ ಚಿಕ್ಕದು. ಶಟರ್ ಪ್ರಯಾರಿಟಿ (ಶಟರ್ ಸ್ಪೀಡ್ ನೀವು ಇಡುತ್ತೀರಿ, ಉಳಿದದ್ದು ಕ್ಯಾಮೆರಾ ನೋಡಿಕೊಳ್ಳುತ್ತದೆ), ಕಂಟಿನ್ಯೂಯಸ್ ಫೋಕಸ್ (ಸರಿಯುವ ಗಾಡಿಯನ್ನು ಬಿಡದೆ ಫೋಕಸ್ ಮಾಡುವುದು), ಬರ್ಸ್ಟ್ (ಒಂದರ ಹಿಂದೊಂದು ಫೋಟೋ), ಐಎಸ್ಒ 100 (ಬೆಳಕಿಗೆ ಕ್ಯಾಮೆರಾದ ಸಂವೇದನೆ ಕಡಿಮೆ). ಲೆನ್ಸಿನಲ್ಲಿ ಪ್ಯಾನಿಂಗ್‌ಗೆಂದೇ ಸ್ಟೆಬಿಲೈಸೇಶನ್ (ಕೈ ಅಲುಗಾಟ ತಗ್ಗಿಸುವ) ಮೋಡ್ ಇದ್ದರೆ ಅದನ್ನು ಹಾಕಿ. ನಡುಹಗಲ ಬಿಸಿಲಲ್ಲಿ ಬೆಳಕು ಜಾಸ್ತಿಯಾದರೆ ಎನ್‌ಡಿ ಫಿಲ್ಟರ್ (ಲೆನ್ಸಿನ ಮುಂದೆ ಹಾಕುವ, ಬೆಳಕು ತಗ್ಗಿಸುವ ಗಾಜು) ಬೇಕಾಗುತ್ತದೆ, ಇಲ್ಲವೇ ಸಂಜೆ ಹೋಗಿ.

ಸೈಲೆಂಟ್ ಆಗಿ ತೆಗೆಯುವ ಎಲೆಕ್ಟ್ರಾನಿಕ್ ಶಟರ್ ಮಾತ್ರ ಬೇಡ. ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ, ಅಷ್ಟರಲ್ಲಿ ಕ್ಯಾಮೆರಾ ತಿರುಗಿರುತ್ತದೆ, ಹಿಂದಿನ ಕಂಬಗಳೆಲ್ಲ ವಾಲುತ್ತವೆ. ನೂರು ವರ್ಷಕ್ಕೂ ಹಿಂದೆ ಫ್ರಾನ್ಸಿನ ಛಾಯಾಗ್ರಾಹಕ ಜಾಕ್ ಆನ್ರಿ ಲಾರ್ತಿಗ್ ತೆಗೆದ ರೇಸ್ ಕಾರಿನ ಫೋಟೋ ನೋಡಿದ್ದೀರಾ? ಚಕ್ರ ಮುಂದಕ್ಕೆ, ಪಕ್ಕದಲ್ಲಿ ನಿಂತ ಜನ ಹಿಂದಕ್ಕೆ ವಾಲಿದ್ದಾರೆ. ಅಲ್ಲೂ ಕಾರಣ ಇಂಥದ್ದೇ, ಬೆಳಕು ಬಿಡುವ ಶಟರಿನ ಸೀಳು ಚಿತ್ರ ಮೂಡುವ ಗಾಜಿನ ಪ್ಲೇಟಿನ ಮೇಲೆ ನಿಧಾನವಾಗಿ ಸರಿದದ್ದು. ಅವರಿಗೆ ಅದು ಅದ್ಭುತವಾಗಿ ಒದಗಿತು, ನಮಗೆ ಕಲಿಯುವಾಗ ಗೊಂದಲವಷ್ಟೇ.

ಬೈಕಿಗಿಂತ ಮೊದಲು ಸೈಕಲ್ ಹಿಡಿಯಿರಿ. ನಿಧಾನ ಹೋಗುತ್ತದೆ, 1/60ಕ್ಕೇ ಕಡ್ಡಿಗಳೆಲ್ಲ ಸೇರಿ ಒಂದು ತೆಳು ತಟ್ಟೆಯಾಗುತ್ತವೆ. ತುಳಿಯುವವರ ಮೊಣಕಾಲು ಮಸುಕಾಗಿರುತ್ತದೆ, ಅದು ತಪ್ಪಲ್ಲ. ಮುಖ ಸ್ಪಷ್ಟವಾಗಿದ್ದರೆ ಸಾಕು. ಹಿಂದೆ ಬರೀ ಆಕಾಶ ಬೇಡ, ಗಿಡಮರವೋ ಬಣ್ಣದ ಗೋಡೆಗಳೋ ಇರಲಿ, ಇಲ್ಲದಿದ್ದರೆ ಗೆರೆ ಬೀಳಲು ಏನಿರುತ್ತದೆ ಅಲ್ವಾ? ಒಂದು ಸಂಜೆ ಇನ್ನೂರು ಫೋಟೋ ತೆಗೆದು ಬನ್ನಿ. ಸರಿಬಾರದಿದ್ದರೆ ಆ ಬಿಸಿಲಿನ ಚುಕ್ಕೆ ಯಾವ ಕಡೆಗೆ ಎಳೆದಿದೆ ಎಂದು ಬರೆಯಿರಿ, ಮುಂದಿನದು ನೋಡೋಣ.