ಸೇವಾ ನಾಯಕತ್ವದ ತರಬೇತಿ: ಅಂಕ ಏರಿದರೆ ಬದಲಾವಣೆಯಾದಂತೆಯೇ?
ಒಂದು ಸೆಮಿಸ್ಟರಿನ ಸೇವಾ ನಾಯಕತ್ವ (ಇತರರ ಅಗತ್ಯಗಳಿಗೆ ಸೇವೆ ಸಲ್ಲಿಸುತ್ತಾ ಮುನ್ನಡೆಸುವುದು) ತರಬೇತಿಯ ನಂತರ ವಿದ್ಯಾರ್ಥಿಗಳ ಅಂಕಗಳು ಏರಿದರೆ ಅದನ್ನು ನಿಜವಾದ ಬದಲಾವಣೆಯೆಂದು ನಂಬಬಹುದೇ ಎಂದು ಕೇಳಿದ್ದೀರಿ. ಪೂರ್ತಿಯಾಗಿ ನಂಬಲಾಗದು ಎಂಬುದು ನನ್ನ ಅಭಿಪ್ರಾಯ. ಹಾಂಗ್‌ಕಾಂಗ್‌ನ ವಿಶ್ವವಿದ್ಯಾಲಯಗಳಲ್ಲಿ ಬೋಧಿಸಲಾಗುವ ಸೇವಾ ನಾಯಕತ್ವದ ಮಾದರಿಯು ಸಾಮರ್ಥ್ಯ, ನೈತಿಕ ಚಾರಿತ್ರ್ಯ, ಕಾಳಜಿ ಮೂರನ್ನೂ ಒಟ್ಟಿಗೆ ಬೇಡುತ್ತದೆಯಾದರೂ, ಅಳತೆ ನಡೆಯುವುದು ಹೆಚ್ಚಾಗಿ ವಿದ್ಯಾರ್ಥಿಯೇ ತುಂಬುವ ಪ್ರಶ್ನಾವಳಿಯಿಂದ. ‘ನಾನು ಇತರರ ಮಾತನ್ನು ಗಮನವಿಟ್ಟು ಕೇಳುತ್ತೇನೆ’ ಎಂಬ ಸಾಲಿಗೆ ತರಬೇತಿಯ ಮುನ್ನ ಧಾರಾಳವಾಗಿ ಐದಕ್ಕೆ 5 ಕೊಟ್ಟುಕೊಂಡವನು, ಗುಂಪು ಚಟುವಟಿಕೆಯಲ್ಲಿ ತಾನೇ ಎಲ್ಲರ ಮಾತಿನ ನಡುವೆ ಬಾಯಿ ಹಾಕುತ್ತಿದ್ದುದನ್ನು ಗಮನಿಸಿದ ಮೇಲೆ 3 ಕೊಟ್ಟುಕೊಳ್ಳಬಹುದು. ಅಂಕ ಇಳಿದರೂ ಕಲಿಕೆ ನಡೆದಿರುವುದು (ನನ್ನ ಲೆಕ್ಕದಲ್ಲಿ) ಅಲ್ಲಿಯೇ. ಆದ್ದರಿಂದ ತರಬೇತಿ ಪಡೆಯದ ಹೋಲಿಕೆ ಗುಂಪಾಗಲಿ, ಸಹಪಾಠಿಗಳ ಮೌಲ್ಯಮಾಪನವಾಗಲಿ, ಕೆಲವು ತಿಂಗಳ ನಂತರದ ಮರು ಅಳತೆಯಾಗಲಿ ಇಲ್ಲದ ವರದಿಯನ್ನು ಎಚ್ಚರದಿಂದ ಓದಿರಿ. ಐಚ್ಛಿಕ ಕೋರ್ಸಾಗಿದ್ದರೆ ಮೊದಲೇ ಆಸಕ್ತಿಯುಳ್ಳವರೇ ಅದಕ್ಕೆ ಸೇರಿರುವ ಸಾಧ್ಯತೆಯೂ ಹೆಚ್ಚು.