ಓದುಗರ ಪ್ರಶ್ನೆ: ಕಾಲೇಜು ಆರಿಸುವ ಮುನ್ನ, ಸೇರಿದ ಮೇಲೆ

ಪ್ರಶ್ನೆ: ಮಗಳಿಗೆ ಎರಡು ಕಾಲೇಜುಗಳಲ್ಲಿ ಸೀಟು ಸಿಕ್ಕಿದೆ. ಎರಡೂ ಕಡೆ ‘ಶೇ 90ರಷ್ಟು ಮಂದಿಗೆ ಕೆಲಸ’ ಎನ್ನುತ್ತಾರೆ. ಹೇಗೆ ಆರಿಸುವುದು?

ಉತ್ತರ: ಎಷ್ಟು ಮಂದಿಯಲ್ಲಿ ಶೇ 90 ಎಂದು ಮೊದಲು ಕೇಳಿ. ವಿಭಾಗದಲ್ಲಿ 120 ಮಂದಿ ಇದ್ದಾರೆ, ಅಂಕಗಳ ಮಿತಿ ದಾಟಿ ಸಂದರ್ಶನಕ್ಕೆ ಹೆಸರು ಕೊಟ್ಟವರು 60, ಕೆಲಸ ಸಿಕ್ಕಿದ್ದು 54 ಮಂದಿಗೆ ಎಂದಿಟ್ಟುಕೊಳ್ಳಿ. 60ಕ್ಕೆ ಲೆಕ್ಕ ಹಾಕಿದರೆ ಶೇ 90, 120ಕ್ಕೆ ಹಾಕಿದರೆ ಶೇ 45. ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಸರಾಸರಿ ಸಂಬಳದ್ದೂ ಇದೇ ಕತೆ. ಒಂಬತ್ತು ಮಂದಿಗೆ ತಲಾ 4 ಲಕ್ಷ, ಒಬ್ಬರಿಗೆ 44 ಲಕ್ಷ ಸಿಕ್ಕರೆ ಸರಾಸರಿ 8 ಲಕ್ಷ. ಆದರೆ 8 ಲಕ್ಷ ಪಡೆದವರು ಒಬ್ಬರೂ ಇಲ್ಲ! ಹಾಗಾಗಿ ಮಧ್ಯಾಂಕ ಕೇಳಿ, ಅಂದರೆ ಸಂಬಳಗಳನ್ನು ಏರಿಕೆ ಕ್ರಮದಲ್ಲಿ ಬರೆದಾಗ ನಟ್ಟನಡುವೆ ಬರುವ ಮೊತ್ತ. ಇಲ್ಲಿ ಅದು 4 ಲಕ್ಷ. ಮಗಳು ಸೇರುವ ವಿಭಾಗದ್ದೇ ಅಂಕಿ ಬೇಕು, ಅದೂ ಕಳೆದ ಮೂರು ವರ್ಷಗಳದ್ದು.

ನೋಡಲು ಹೋಗುವುದಾದರೆ ತರಗತಿ ನಡೆಯುವ ಮಾಮೂಲಿ ದಿನ ಹೋಗಿ. ಪ್ರಯೋಗಾಲಯದಲ್ಲಿ ಒಂದು ಉಪಕರಣಕ್ಕೆ ಎಷ್ಟು ಮಂದಿ ಎಂದು ಎಣಿಸಿ. ಇಬ್ಬರು ಮೂವರಾದರೆ ಎಲ್ಲರ ಕೈಗೂ ಕೆಲಸ ಸಿಗುತ್ತದೆ. ಎಂಟು ಮಂದಿಯಾದರೆ ಇಬ್ಬರು ಮಾಡುತ್ತಾರೆ, ಮಿಕ್ಕವರು ರೀಡಿಂಗ್ ನಕಲು ಮಾಡಿಕೊಳ್ಳುತ್ತಾರೆ. ದುಬಾರಿ ಯಂತ್ರದ ಪಕ್ಕದ ಲಾಗ್‌ಬುಕ್‌ನಲ್ಲಿ (ಯಂತ್ರ ಬಳಸಿದಾಗಲೆಲ್ಲ ಬರೆದಿಡುವ ಪುಸ್ತಕ) ಕೊನೆಯ ದಿನಾಂಕ ಯಾವುದಿದೆ ನೋಡಿ. ಅಂತಿಮ ವರ್ಷದ ವಿದ್ಯಾರ್ಥಿಗಳು ಸಿಕ್ಕರೆ (ಕಾಲೇಜು ತೋರಿಸಲೆಂದೇ ನಿಲ್ಲಿಸಿದವರಲ್ಲ) ಒಂದೇ ಪ್ರಶ್ನೆ ಸಾಕು: ಕಳೆದ ಸೆಮಿಸ್ಟರ್‌ನಲ್ಲಿ ಎಷ್ಟು ವಿಷಯಗಳಿಗೆ ಅಧ್ಯಾಪಕರು ನಡುವೆಯೇ ಬದಲಾದರು? ಹೊಸ ಕಟ್ಟಡ ತೋರಿಸಿ ಮುಚ್ಚಿಡಲಾಗದ ಸಂಗತಿ ಇದು.

ಶುಲ್ಕದ ಪಟ್ಟಿ ಮೊದಲ ವರ್ಷದ್ದಷ್ಟೇ ಸಾಲದು. ಕೋರ್ಸ್ ಮುಗಿಯುವವರೆಗಿನ ಲೆಕ್ಕ, ಹಾಸ್ಟೆಲ್, ಪರೀಕ್ಷಾ ಶುಲ್ಕ, ಠೇವಣಿ, ನಡುವೆ ಬಿಟ್ಟರೆ ಎಷ್ಟು ವಾಪಸು ಎಂಬುದೆಲ್ಲ ಬರವಣಿಗೆಯಲ್ಲಿರಲಿ.

ಪ್ರಶ್ನೆ: ಹೆಸರಾಂತ ಕಾಲೇಜಿನಲ್ಲಿ ಬೇಡದ ವಿಷಯ, ಸಾಧಾರಣ ಕಾಲೇಜಿನಲ್ಲಿ ಇಷ್ಟದ ವಿಷಯ ಸಿಗುತ್ತಿದೆ. ಯಾವುದು ಲೇಸು?

ಉತ್ತರ: ವಿಷಯವೇ. ಆದರೆ ‘ಇಷ್ಟ’ವನ್ನು ಮೊದಲು ಪರೀಕ್ಷಿಸಿಕೊಳ್ಳಿ. ಮೊದಲ ವರ್ಷದ ಪಠ್ಯಕ್ರಮ ಎಲ್ಲೆಡೆ ಹಿತವಾಗಿಯೇ ಕಾಣುತ್ತದೆ. ಮೂರನೇ ವರ್ಷದ್ದನ್ನು ತೆಗೆದು, ಒಂದು ಪಠ್ಯಪುಸ್ತಕದ ಒಂದು ಅಧ್ಯಾಯ ಓದಿ ನೋಡಿ. ಮುಂದೆ ವಿಷಯ ಬದಲಿಸಿಕೊಳ್ಳಬಹುದು ಎಂಬ ಆಸೆಯಿಂದ ಸೇರುವುದಾದರೆ, ಕಳೆದ ವರ್ಷ ಎಷ್ಟು ಮಂದಿ ಕೇಳಿದರು, ಎಷ್ಟು ಮಂದಿಗೆ ಸಿಕ್ಕಿತು ಎಂದು ತಿಳಿದುಕೊಳ್ಳಿ.

ಪ್ರಶ್ನೆ: ಎಷ್ಟು ಓದಿದರೂ ಪರೀಕ್ಷೆಯಲ್ಲಿ ನೆನಪಾಗುವುದಿಲ್ಲ. ಏನು ಮಾಡಲಿ?

ಉತ್ತರ: ಬಹುಶಃ ನೀವು ನೋಟ್ಸನ್ನೇ ಮತ್ತೆ ಮತ್ತೆ ಓದುತ್ತಿದ್ದೀರಿ. ಕಣ್ಣಿಗೆ ಪರಿಚಿತವಾದದ್ದನ್ನು ಮನಸ್ಸು ‘ಬರುತ್ತದೆ’ ಎಂದು ನಂಬಿಬಿಡುತ್ತದೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಓದಿದ ಐದು ನಿಮಿಷಕ್ಕೆ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ, ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದವರು ಅವರನ್ನು ಹಿಂದೆ ಹಾಕಿದ್ದರು.

ಹೀಗೆ ಮಾಡಿ. ಪಾಠವಾದ ದಿನವೇ ಸಂಜೆ ನೋಟ್‌ಬುಕ್ ಮುಚ್ಚಿ, ಖಾಲಿ ಹಾಳೆಯ ಮೇಲೆ ಹತ್ತು ನಿಮಿಷ ನೆನಪಾದದ್ದನ್ನೆಲ್ಲ ಬರೆಯಿರಿ. ಆಮೇಲೆ ನೋಟ್‌ಬುಕ್ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸಿ. ಎರಡು ದಿನ, ಒಂದು ವಾರ, ಮೂರು ವಾರ ಬಿಟ್ಟು ಇದನ್ನೇ ಮಾಡಿ. ಆಗ ಬರೆದಾದ ಮೇಲೆ ಕೆಂಪು ಸಾಲುಗಳನ್ನಷ್ಟೇ ಓದಿದರೂ ನಡೆಯುತ್ತದೆ. ಮೊದಲ ಸಲ ಹಾಳೆ ಅರ್ಧಕ್ಕೂ ತುಂಬದೆ ಬೇಸರವಾಗುತ್ತದೆ. ಹೆಚ್ಚಿನವರು ಕೈಬಿಡುವುದು ಅಲ್ಲೇ.

ಪ್ರಶ್ನೆ: ನಾಟಕ, ಕ್ರೀಡೆ, ಚರ್ಚಾ ಸಂಘ ಎಲ್ಲಕ್ಕೂ ಸೇರಬೇಕೆನಿಸುತ್ತದೆ. ಸಮಯ ಸಾಕೇ?

ಉತ್ತರ: ವಾರಕ್ಕೆ 168 ಗಂಟೆ. ನಿದ್ದೆಗೆ 56, ತರಗತಿಗೆ 30, ಸ್ವಂತ ಓದಿಗೆ 25, ಊಟ, ಸ್ನಾನ, ಓಡಾಟಕ್ಕೆ 28 ತೆಗೆದರೆ ಉಳಿಯುವುದು 29. ನಾಟಕದ ತಾಲೀಮು ಒಂದೇ ಅದರಲ್ಲಿ ಹತ್ತು ನುಂಗಬಲ್ಲದು. ಮೊದಲ ತಿಂಗಳು ಎಲ್ಲ ಕಡೆ ಇಣುಕಿ, ಆಮೇಲೆ ಒಂದನ್ನು ಹಿಡಿಯಿರಿ.

ಪ್ರಶ್ನೆ: ಅಧ್ಯಾಪಕರ ಬಳಿ ಸಂದೇಹ ಕೇಳಲು ಅಂಜಿಕೆ.

ಉತ್ತರ: ‘ಅರ್ಥವಾಗಲಿಲ್ಲ ಸರ್’ ಎಂದರೆ ಅವರಿಗೂ ಎಲ್ಲಿಂದ ಶುರುಮಾಡಬೇಕು ತಿಳಿಯದು. ಲೆಕ್ಕವನ್ನು ಬಂದಷ್ಟು ಮಾಡಿ, ‘ನಾಲ್ಕನೇ ಹೆಜ್ಜೆ ಐದನೆಯದಕ್ಕೆ ಹೇಗೆ ಹೋಯಿತು?’ ಎಂದು ಹಾಳೆ ತೋರಿಸಿ. ಎರಡು ನಿಮಿಷದ ಕೆಲಸ.